ಬರಿಮಾತಿನ ಕಟ್ಟೆ

ಹಾಲುಗೊಂಡನಕೆರೆಗೆ ಬರುವವರು ಬಸ್ಸಿಳಿದು ಕೆರೆಯ ಏರಿಯ ಮೇಲೆ ನಡೆದೇ ಊರು ಸೇರಬೇಕು. ಏರಿಯ ನಡುಭಾಗದಲ್ಲಿ, ನೀರೊಳಗೆ ತೂಬಿನ ಕಲ್ಲುಕಂಬಗಳು ನಿಂತಿರುವ ಕಡೆಗೆ ಮುಖ ಮಾಡಿಕೊಂಡು, ಬೇವಿನ ಮರದ ಬುಡದಲ್ಲಿ ಹಳೆಯ ಕಟ್ಟೆಯೊಂದಿದೆ. ಚಪ್ಪಡಿಗಳು ಅಲ್ಲಲ್ಲಿ ಕುಸಿದಿವೆ, ಸಂದಿಗಳಲ್ಲಿ ಗರಿಕೆ ಎದ್ದಿದೆ. ಇದಕ್ಕೆ ಬರಿಮಾತಿನ ಕಟ್ಟೆ ಎಂದು ಹೆಸರು. ಹೆಸರು ಕೇಳಿದ ಪರವೂರಿನವರು ನಗದೆ ಮುಂದೆ ಹೋಗುವುದಿಲ್ಲ. "ಬರೀ ಮಾತಿಗೇ ಒಂದು ಕಟ್ಟೆ ಕಟ್ಟಿಸಿದೀರಲ್ಲ, ಕೆಲಸಕ್ಕೆ ಎಲ್ಲಿ ಕಟ್ಟಿಸಿದೀರಪ್ಪ?" ಎಂದು ನಮ್ಮ ಬೀಗರೊಬ್ಬರು ಕೇಳಿದ್ದುಂಟು. ನಮ್ಮ ಕಡೆಯವರು ಮಾತಿನಲ್ಲೇ ಮನೆ ಕಟ್ಟುವವರೆಂಬ ಮಾತು ಸುತ್ತಲ ಹಳ್ಳಿಗಳಲ್ಲಿ ಮೊದಲೇ ಇದೆ. ಹೀಗಾಗಿ ಕೆಲಸವಿಲ್ಲದವರು ಕೂತು ಹರಟುತ್ತಿದ್ದ ಜಾಗವಾದ್ದರಿಂದ ಈ ಹೆಸರು ಬಂತೆಂದು ಹೇಳುವವರೇ ಹೆಚ್ಚು, ಕೇಳುವವರಿಗೂ ಅದು ಸಾಕಾಗುತ್ತದೆ. ನಮ್ಮೂರಿನವರು ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ತಿದ್ದಿದರೆ ನಿಜವಾದ ಕಾರಣವನ್ನು ಹೇಳಬೇಕಾಗುತ್ತದೆ, ಅದಕ್ಕಿಂತ ನಗಿಸಿಕೊಳ್ಳುವುದೇ ವಾಸಿ ಎಂದು ಸುಮ್ಮನಿರುತ್ತಾರೆ.

ಊರಿನ ಐತಿಹ್ಯ ಬರೆಯುವವನು ಊರಿನ ಮಾನ ಕಾಯಬೇಕು ಎನ್ನುತ್ತಾರೆ. ನಮ್ಮ ಕೋಟೆಯ ಬುರುಜು, ವೀರಗಲ್ಲು, ಹಾಲುಗೊಂಡನೆಂಬುವನು ಕೆರೆ ಕಟ್ಟಿಸಿದ ಸಾಹಸ, ಇವನ್ನೆಲ್ಲ ನಾನೂ ಹಾಗೆಯೇ ಬರೆದಿದ್ದೇನೆ, ಒಂದೆರಡು ಕಡೆ ಸ್ವಲ್ಪ ಉಪ್ಪುಖಾರವನ್ನೂ ಹಾಕಿದ್ದೇನೆ. ಈ ಕಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಆ ಕಲೆ ಕೈಕೊಡುತ್ತದೆ. ಇಲ್ಲಿ ಕಾಯುವುದಕ್ಕೆ ಮಾನವೇ ಉಳಿದಿಲ್ಲ. ನಮ್ಮ ಹಿರೀಕರು ಒಬ್ಬ ಒಳ್ಳೆಯ ಮನುಷ್ಯನಿಗೆ ಏನು ಮಾಡಿದರೆಂಬುದನ್ನು ಅವರ ಮಕ್ಕಳಿಗೆ ಅವರೇ ಹೇಳಿದರು, ಆ ಮಕ್ಕಳು ತಮ್ಮ ಮಕ್ಕಳಿಗೆ ತಲೆ ತಗ್ಗಿಸಿಕೊಂಡು ಹೇಳಿದರು. ನನಗೆ ಬಂದದ್ದೂ ಹಾಗೆಯೇ.

ಹಿಂದೆ ಒಮ್ಮೆ, ಸರ್ಕಾರಿ ಶಾಲೆಗಳು ಇನ್ನೂ ಹುಟ್ಟದ ಕಾಲದಲ್ಲಿ, ಈ ಊರಿನಲ್ಲಿ ಸಂಪಯ್ಯ ಎಂಬ ಐಗಳಿದ್ದರು. ಆಗ ಶಾಲೆಗೆ ಮಠ ಎನ್ನುತ್ತಿದ್ದರು, ಅಕ್ಷರ ಕಲಿಸುವವರು ಐಗಳು. ಸಂಪಯ್ಯನವರ ಮಠ ಸೀಮೆಗೇ ದೊಡ್ಡದು. ಅವರ ಕೈಕೆಳಗೆ ಇಬ್ಬರು ಕಿರಿಯ ಐಗಳು ಪಾಠ ಮಾಡುತ್ತಿದ್ದರು, ಸುತ್ತಲ ಹಟ್ಟಿಗಳಿಂದಲೂ ಮಕ್ಕಳು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮರಳಿನ ಮೇಲೆ ಬೆರಳಿಟ್ಟು ಓಂಕಾರ ತಿದ್ದಿಸುವುದರಿಂದ ಹಿಡಿದು ಮಗ್ಗಿ, ಕಾಗುಣಿತ, ಪಂಚಾಂಗ ನೋಡುವುದರವರೆಗೆ ಆ ಮಠದಲ್ಲಿ ಕಲಿಯದ ಗಂಡಸು ಊರಿನಲ್ಲಿ ಇರಲಿಲ್ಲ. ಐಗಳು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಇಷ್ಟು ಮಕ್ಕಳ ಮೂಗು ಒರೆಸೋದೇ ಮುಗೀತಿಲ್ಲ" ಎಂದು ನಗುತ್ತಿದ್ದರಂತೆ. ಆ ಕಾಲದ ಮಠಗಳಲ್ಲಿ ಕೋದಂಡವೆಂಬ ಶಿಕ್ಷೆಯಿತ್ತು. ತಪ್ಪು ಮಾಡಿದ ಹುಡುಗ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕೈ ಸೋಲುವವರೆಗೂ ಜೋತುಬೀಳಬೇಕಿತ್ತು. ಸಂಪಯ್ಯನವರು ಮಠದ ಹಿರಿತನ ವಹಿಸಿಕೊಂಡ ದಿನವೇ ಆ ಹಗ್ಗವನ್ನು ಬಿಚ್ಚಿ ನೀರು ಸೇದುವುದಕ್ಕೆ ಕೊಟ್ಟುಬಿಟ್ಟರು.

ಅವರ ಮಠದಲ್ಲಿ ಇದ್ದ ಕಟ್ಟಳೆ ಒಂದೇ. ಯಾರೂ ಆಣೆ ಇಡಬಾರದು. ಮಕ್ಕಳ ಬಾಯಲ್ಲಿ ದೇವರಾಣೆ, ಅವ್ವನಾಣೆ, ಕಣ್ಣಾಣೆಗಳು ಎಂಜಲಿನಷ್ಟೇ ಸಲೀಸಾಗಿ ಬರುತ್ತವಲ್ಲ, ಬಂದ ಕೂಡಲೇ ಐಗಳು ಕೈ ಎತ್ತಿ ತಡೆದು, "ಆಣೆ ತೆಗೆದು ಇನ್ನೊಂದು ಸಲ ಹೇಳು" ಎನ್ನುವರು. ಎರಡನೆಯ ಸಲ ಮಗು ಏನು ಹೇಳಿತೋ ಅದನ್ನು ನಂಬುವರು. ಸುಳ್ಳೆಂದು ಮುಖದ ಮೇಲೆ ಬರೆದಿದ್ದರೂ ನಂಬುವರು. ಆಣೆ ಇಟ್ಟ ಮಾತು ಮಾತ್ರ ನಿಜ ಅನ್ನುವುದಾದರೆ ಮನುಷ್ಯ ದಿನವಿಡೀ ಆಡುವ ಉಳಿದ ಮಾತೆಲ್ಲ ಸುಳ್ಳು ಎಂದಂತಾಯಿತಲ್ಲ, ಎಂಬುದು ಅವರ ವಾದ. ಬೊಮ್ಮಣ್ಣನೆಂಬ ಹುಡುಗ ಒಮ್ಮೆ ಆಟದಲ್ಲಿ ತನ್ನ ಬರೆಯುವ ಹಲಗೆ ಮುರಿದುಕೊಂಡು, ಎತ್ತು ತುಳಿಯಿತೆಂದು ಹೇಳಿದ. ಐಗಳು ಅವನಿಗೆ ಬೇರೆ ಹಲಗೆ ಕೊಟ್ಟರು. ಸಂಜೆ ಬೇವಿನೆಣ್ಣೆಯ ಕುಡಿಕೆ ಹಿಡಿದು ಅವನ ಮನೆಗೆ ಹೋಗಿ, ಮುರಿದ ಹಲಗೆಯ ಸಿಬಿರು ಚುಚ್ಚಿರಬಹುದೆಂದು ಎತ್ತಿನ ನಾಲ್ಕೂ ಗೊರಸನ್ನು ಎತ್ತಿ ಎತ್ತಿ ನೋಡಿದರು. ಹುಡುಗ ಗೋಡೆಗೆ ಮುಖ ಹಾಕಿ ನಿಂತಿದ್ದ. ಮಾರನೆಯ ದಿನ ತಾನೇ ಬಂದು ನಿಜ ಒಪ್ಪಿಕೊಂಡ. ಅದೇ ಬೊಮ್ಮಣ್ಣ ದೊಡ್ಡವನಾಗಿ ಊರಿನ ಪಟೇಲನಾದ.

ಮಠದೊಳಗೆ ಈ ಕಟ್ಟಳೆ, ಮಠದ ಹೊರಗೆ ಇದಕ್ಕೆ ಪೂರಾ ತಿರುಗಾಮುರುಗ. ಈಗ ನಾವು ನೋಡುವ ಕಟ್ಟೆಗೆ ಆಗ ಆಣೆಕಟ್ಟೆ ಎಂಬ ಹೆಸರಿತ್ತು. ನೀರು ನಿಲ್ಲಿಸುವ ಅಣೆಕಟ್ಟಲ್ಲ, ಆಣೆ ಇಡುವ ಕಟ್ಟೆ. ಊರಿನ ನ್ಯಾಯವೆಲ್ಲ ಅಲ್ಲಿಯೇ. ನಡುವಿನ ಚಪ್ಪಡಿಯಲ್ಲಿ ಕಡೆದ ಗುಳಿಯೊಳಗೆ ಕರ್ಪೂರ ಹಚ್ಚುವರು. ಆಣೆ ಇಡುವವನು ತನ್ನ ಮಾತನ್ನು ಹೇಳಿ, ತನಗೆ ಅತಿ ಪ್ರಿಯವಾದದ್ದರ ಹೆಸರೆತ್ತಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಬೇಕು. ಮಾತು ಸುಳ್ಳಾದರೆ ಹೆಸರೆತ್ತಿದ್ದು ಹಾಳಾಗುತ್ತದೆ ಎಂಬ ನಂಬಿಕೆ. ಅಂಗೈ ಸುಟ್ಟವನ ಮಾತೇ ಮಾತು, ಉಳಿದದ್ದು ಬರೀ ಮಾತು. ಸಂಪಯ್ಯನವರ ಕೈಯಲ್ಲಿ ಕಲಿತ ಅದೇ ಜನ ಮಠದ ಬಾಗಿಲು ದಾಟಿದ ಮೇಲೆ ಈ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಪಾಠ ಮಠಕ್ಕೆ, ಬದುಕು ಊರಿಗೆ ಎಂದುಕೊಂಡಿದ್ದರೋ ಏನೋ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಬೆಳಗಾಗುವುದರೊಳಗೆ ಕೆರೆ ಬರಿದಾಗಿತ್ತು. ಬೇಸಿಗೆ ಪೈರಿಗೆಂದು ಸರದಿಯಂತೆ ಬಿಡಲು ಉಳಿಸಿಕೊಂಡಿದ್ದ ನೀರೆಲ್ಲ ಕಾಲುವೆ ತುಂಬಿ ಹರಿದು ಹಳ್ಳ ಸೇರಿತ್ತು. ತೂಬಿನ ಬಿರಡೆಯನ್ನು ಯಾರೋ ಕಿತ್ತು ತೆಗೆದಿದ್ದರು, ನೀರಿನ ಸೆಳೆತಕ್ಕೆ ಮತ್ತೆ ಜಡಿಯಲಾಗದೆ ಬಿಟ್ಟುಹೋಗಿದ್ದರು. ತೂಬು ಕಾಯುವವನು ನೀರಗಂಟಿ ದುಗ್ಗಪ್ಪ. ಪಟೇಲ ಬೊಮ್ಮಣ್ಣನ ತಮ್ಮ ಕರಿಯಣ್ಣ ಮುಂದೆ ಬಂದು, ದುಗ್ಗಪ್ಪ ಕುಡಿದು ತೂಬು ತೆಗೆದದ್ದನ್ನು ತಾನು ಕಣ್ಣಾರೆ ಕಂಡೆನೆಂದ. ಹೇಳಿದವನು ಕಟ್ಟೆ ಹತ್ತಿ, ತನ್ನ ಇಬ್ಬರು ಗಂಡುಮಕ್ಕಳ ಹೆಸರೆತ್ತಿ ಕರ್ಪೂರ ಬಡಿದು ಆರಿಸಿಯೂಬಿಟ್ಟ. ದುಗ್ಗಪ್ಪ ಎದ್ದು ತಾನೂ ಆಣೆ ಇಡುತ್ತೇನೆಂದರೆ ಪಂಚರು ಕೂರಿಸಿದರು. ಅಪರಾಧದ ಗುಮಾನಿ ಯಾರ ಮೇಲಿದೆಯೋ ಅವರಿಗೆ ಕಟ್ಟೆ ಹತ್ತುವ ಹಕ್ಕಿರಲಿಲ್ಲ. ನೀರಗಂಟಿಯ ಕೆಲಸಕ್ಕೆಂದು ಊರು ಕೊಟ್ಟಿದ್ದ ಮಾನ್ಯದ ಹೊಲವನ್ನು ಕಿತ್ತುಕೊಂಡು ಹೆಂಡತಿ ಮಕ್ಕಳ ಸಮೇತ ಊರು ಬಿಡಿಸಬೇಕೆಂದು ತೀರ್ಮಾನ ಬಾಯಿಗೆ ಬರುವ ಹೊತ್ತಿಗೆ, ಸಂಪಯ್ಯನವರು ಜನರ ನಡುವಿನಿಂದ ಎದ್ದು ನಿಂತರು.

ಅವರು ದಿನವೂ ಬೆಳಗಿನ ಜಾವಕ್ಕೆ ಕೆರೆಯಲ್ಲಿ ಸ್ನಾನ ಮಾಡುವವರು. ಆ ದಿನ ಏರಿಯ ಮೇಲೆ ಬರುತ್ತಿರುವಾಗ, ಕುತ್ತಿಗೆಯವರೆಗೆ ನೆನೆದ ಕರಿಯಣ್ಣ ತೂಬಿನ ಕಡೆಯಿಂದ ಮೇಲೆ ಹತ್ತುತ್ತಿರುವುದನ್ನು ನೋಡಿದ್ದರು. ಅದನ್ನೇ ಹೇಳಿದರು. ದುಗ್ಗಪ್ಪ ಅಲ್ಲಿರಲಿಲ್ಲ ಎಂದೂ ಹೇಳಿದರು. ಕರಿಯಣ್ಣನ ಕಬ್ಬಿನ ತೋಟ ಕಾಲುವೆಯ ಬಾಯಲ್ಲೇ ಇತ್ತೆಂಬುದು ಎಲ್ಲರಿಗೂ ಗೊತ್ತು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಎಲ್ಲರ ಮನಸ್ಸಿಗೂ ಹೊಳೆದಿರಬೇಕು. ಬೊಮ್ಮಣ್ಣ ತಮ್ಮನ ಮುಖ ನೋಡಲಿಲ್ಲ, ಐಗಳ ಮುಖವನ್ನೂ ನೋಡಲಿಲ್ಲ.

"ಅಯ್ನೋರೆ, ನೀವು ಸುಳ್ಳು ಹೇಳೋರಲ್ಲ ಅಂತ ನಮಗೆ ಗೊತ್ತೈತೆ" ಎಂದ. "ಆದ್ರೆ ಅವನು ಆಣೆ ಇಟ್ಟವ್ನೆ. ಆಣೆ ಮುಂದೆ ಬರೀ ಮಾತು ಹೆಂಗ್ ನಿಲ್ತೈತೆ? ನೀವೂ ಕಟ್ಟೆ ಹತ್ತಿ ಒಂದು ಆಣೆ ಇಟ್ಬಿಡಿ, ಮುಗೀತು."

"ಗೊತ್ತಿದ್ದ ಮೇಲೆ ಆಣೆ ಯಾಕೆ, ಬೊಮ್ಮಣ್ಣ?" ಎಂದರು ಐಗಳು.

ಅಲ್ಲಿ ಕೂತಿದ್ದ ಪಂಚರಲ್ಲಿ ಪ್ರತಿಯೊಬ್ಬನ ಬೆರಳು ಹಿಡಿದು ಮೊದಲ ಅಕ್ಷರ ಬರೆಸಿದವರು ಅವರು. ಅವರ ಬಾಯಿಂದ ಒಂದು ಸುಳ್ಳು ಬಂದದ್ದನ್ನು ಕಂಡವನು, ಕೇಳಿದವನು ಅಲ್ಲಿರಲಿಲ್ಲ. ಒಬ್ಬನಾದರೂ ಎದ್ದು "ನಂಗೆ ಅಯ್ನೋರ ಮಾತು ಸಾಕು" ಎಂದಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಹಿರೀಕರು ಮುಂದೆ ತಮ್ಮ ಮಕ್ಕಳಿಗೆ ಹೇಳುವಾಗ ಈ ಜಾಗಕ್ಕೆ ಬಂದು ನಿಲ್ಲುತ್ತಿದ್ದರಂತೆ. ನಾನು ಯಾಕೆ ಏಳಲಿಲ್ಲವೋ ಗೊತ್ತಿಲ್ಲಪ್ಪ, ಪಕ್ಕದವನು ಏಳಲಿ ಅಂತ ಕಾದೆ, ಎನ್ನುತ್ತಿದ್ದರಂತೆ. ಪಕ್ಕದವನೂ ಅದನ್ನೇ ಕಾಯುತ್ತಿದ್ದ. ಐಗಳು, ಮಕ್ಕಳು ಕಾಯುತ್ತಿರುತ್ತಾರೆಂದು ಹೇಳಿ ಮಠಕ್ಕೆ ಹೊರಟುಹೋದರು. ದುಗ್ಗಪ್ಪನಿಗೆ ಊರು ಬಿಡುವ ಶಿಕ್ಷೆಯಾಯಿತು.

ಪಾಠ ನಡೆಯುತ್ತಿರುವಾಗಲೇ ದುಗ್ಗಪ್ಪನ ಹೆಂಡತಿ ಕೆಂಚವ್ವ ಮಠದ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು, ಸೆರಗು ಹಿಡಿದ ಇನ್ನೊಂದು. ಅವಳು ಕಾಲಿಗೆ ಬೀಳಲಿಲ್ಲ, ಅಳಲೂ ಇಲ್ಲ.

"ನಿಮ್ ಸತ್ಯ ನಿಮ್ಮತ್ರನೇ ಇರ್ಲಿ ಅಯ್ನೋರೆ, ಅದು ನಂಗೆ ಬ್ಯಾಡ. ನಂಗೆ ನಿಮ್ ಆಣೆ ಬೇಕು" ಎಂದಳು. "ಈ ಬಿಸ್ಲಾಗೆ ಈ ಮಕ್ಕಳ ಕಟ್ಕಂಡು ಎಲ್ಲಿಗೆ ಹೋಗ್ಲಿ? ನಿಮ್ ಕಟ್ಟಳೆ ದೊಡ್ಡದಾ, ಇವು ದೊಡ್ಡವಾ, ನೀವೇ ಯೋಳಿ."

ಸಂಪಯ್ಯನವರು ಬಹಳ ಹೊತ್ತು ಮರಳಿನ ಮೇಲೆ ಮಕ್ಕಳು ಬರೆದ ಅಕ್ಷರಗಳನ್ನೇ ನೋಡುತ್ತ ಕೂತಿದ್ದರಂತೆ. ಆಮೇಲೆ ಎದ್ದು ಮೇಲುದ ಹೊದ್ದುಕೊಂಡರು. ಯಾರೂ ತಮ್ಮ ಹಿಂದೆ ಬರಬಾರದೆಂದು ಮಕ್ಕಳಿಗೆ ಹೇಳಿದರು. ಅವರ ಮಾತನ್ನು ಮಕ್ಕಳು ಮೀರಿದ್ದು ಅದೇ ಮೊದಲು, ಮಠಕ್ಕೆ ಮಠವೇ ಹಿಂದೆ ಹೋಯಿತು. ಉರಿಬಿಸಿಲಿನಲ್ಲಿ ಊರು ಮತ್ತೆ ಕಟ್ಟೆಯ ಸುತ್ತ ನೆರೆಯಿತು. ಜನರ ಮುಖದಲ್ಲಿ ಒಂದು ಸಂತೋಷವಿತ್ತು ಎನ್ನುತ್ತಾರೆ, ಬರೆಯುವಾಗ ನನಗೆ ಅತಿ ಕಷ್ಟವಾಗುವುದು ಇದೇ. ಕಡೆಗೂ ಐಗಳು ನಮ್ಮ ದಾರಿಗೆ ಬಂದರು ಎಂಬ ಸಂತೋಷ ಅದು. ಕಣ್ಣಿಗೆ ಕಂಡದ್ದನ್ನು ಹೇಳಿ ಐಗಳು ಕರ್ಪೂರದ ಮುಂದೆ ನಿಂತಾಗ, ಯಾರ ಮೇಲೆ ಆಣೆಯೆಂದು ಪಂಚರು ಕೇಳಿದರು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಐಗಳು ಏರಿಯ ಮೇಲೆ ಸಾಲಾಗಿ ನಿಂತಿದ್ದ ಹುಡುಗರನ್ನು ಒಮ್ಮೆ ನೋಡಿ, ಮಕ್ಕಳ ಹೆಸರೆತ್ತಲು ಮನಸ್ಸು ಬಾರದೆ, "ನನ್ನ ಮಠದಾಣೆ" ಎಂದರು. ಕರ್ಪೂರವನ್ನು ಬಡಿದು ಆರಿಸಿದರು. ಕೈಯನ್ನು ಬೇಗ ತೆಗೆಯಲಿಲ್ಲವಂತೆ.

ಆಣೆಗೆ ಆಣೆ ಎದುರಾದರೆ ಯಾವುದು ಸುಳ್ಳೋ ಅದನ್ನು ದೇವರೇ ತೋರಿಸುತ್ತಾನೆ, ಅಲ್ಲಿಯವರೆಗೆ ಶಿಕ್ಷೆ ನಿಲ್ಲಬೇಕು ಎಂಬುದು ಕಟ್ಟೆಯ ಪದ್ಧತಿ. ದುಗ್ಗಪ್ಪ ಊರಲ್ಲಿ ಉಳಿದ. ಮಾರನೆಯ ಬೆಳಿಗ್ಗೆ ಐಗಳು ಎಂದಿನಂತೆ ಪಾಠಕ್ಕೆ ಕೂತರು. ಮಗ್ಗಿ ಬಾಯಿಪಾಠ ಮಾಡಿದೆಯಾ ಎಂದು ಒಂದು ಮಗುವನ್ನು ಕೇಳಿದರು. ಮಾಡಿದೆ ಎಂದಿತು ಮಗು. ಆಮೇಲೆ, ತುಂಟತನದಿಂದಲ್ಲ, ನಿನ್ನೆ ಕಂಡದ್ದರಿಂದ ಕಲಿತ ವಿನಯದಿಂದ, "ಆಣೆ ಇಡ್ಲಾ ಅಯ್ನೋರೆ?" ಎಂದು ಕೇಳಿತು. ಸಂಪಯ್ಯನವರ ಕೈ ಎಂದಿನಂತೆ ಮೇಲೆದ್ದಿತು, ಮಾತು ಹೊರಡಲಿಲ್ಲ. ಅವರು ಆ ದಿನದ ಪಾಠವನ್ನು ಕಿರಿಯರಿಗೆ ಒಪ್ಪಿಸಿ ಮನೆಗೆ ಹೋದವರು ಮತ್ತೆ ಮಕ್ಕಳ ಮುಂದೆ ಕೂರಲಿಲ್ಲ. ಐಗಳಿಲ್ಲದ ಮಠಕ್ಕೆ ಹಟ್ಟಿಗಳ ಮಕ್ಕಳು ಬರುವುದು ನಿಂತಿತು, ಊರಿನವರು ಒಬ್ಬೊಬ್ಬರಾಗಿ ಬಿಟ್ಟರು, ಕಿರಿಯ ಐಗಳು ಬೇರೆ ಊರು ನೋಡಿಕೊಂಡರು. ಆ ವರ್ಷ ಮಾಡಿಗೆ ಹೊಸ ಹುಲ್ಲು ಹೊದಿಸುವವರಿಲ್ಲದೆ, ಮಳೆಗಾಲ ಹಿಡಿದಾಗ ಮಠದ ಮಣ್ಣುಗೋಡೆ ನೆನೆದು ಕೂತುಹೋಯಿತು.

ಇದನ್ನು ಕಂಡು ನಮ್ಮ ಹಿರೀಕರಿಗೆ ಏನನ್ನಿಸಬೇಕಿತ್ತು? ಮಠ ಕಟ್ಟೋಣ ಬನ್ನಿ ಅನ್ನಿಸಬೇಕಿತ್ತು. ಅವರಿಗೆ ಹೊಳೆದದ್ದೇ ಬೇರೆ. ಐಗಳು ಮಠದ ಮೇಲೆ ಆಣೆ ಇಟ್ಟಿದ್ದರು, ಮಠ ಬಿತ್ತು. ಅಲ್ಲಿಗೆ ಐಗಳ ಆಣೆ ಸುಳ್ಳು, ದೇವರು ತೋರಿಸಿಯೇಬಿಟ್ಟ ಎಂದರು. ತಾವೇ ಕೆಡವಿದ್ದನ್ನು ದೇವರ ಲೆಕ್ಕಕ್ಕೆ ಬರೆದರು. ಕಟ್ಟೆಯ ಮೇಲೆ ಮತ್ತೆ ಸೇರಿ, ನಿಂತಿದ್ದ ಶಿಕ್ಷೆಯನ್ನು ಜಾರಿ ಮಾಡಿದರು. ದುಗ್ಗಪ್ಪನ ಸಂಸಾರ ಗಡಿಗೆ ಮಡಕೆ ಹೊತ್ತು ಏರಿಯ ಮೇಲೆ ಹೊರಟಾಗ, ಸಂಪಯ್ಯನವರು ಮನೆಯಿಂದ ಇಳಿದು ಬಂದು ದೊಡ್ಡ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜೊತೆಗೆ ನಡೆದುಬಿಟ್ಟರು. ಕಳ್ಳನ ಜೊತೆಗೆ ಕಳ್ಳ ಹೋದ ಎಂದು ಯಾರೋ ಅಂದರಂತೆ. ಯಾರು ಅಂದರೆಂದು ಇವತ್ತಿಗೂ ಯಾವ ಮನೆತನದವರೂ ಒಪ್ಪಿಕೊಳ್ಳುವುದಿಲ್ಲ.

ಸುಳ್ಳು ಆಣೆ ಇಟ್ಟ ಕರಿಯಣ್ಣನ ಮನೆ ಮಾತ್ರ ತಣ್ಣಗಿತ್ತು. ಮಕ್ಕಳು ಗುಂಡುಗುಂಡಗೆ ಬೆಳೆದವು, ಕಬ್ಬು ಆಳೆತ್ತರ ಬಂತು. ಮೊದಮೊದಲು ಮಕ್ಕಳಿಗೆ ಕೆಮ್ಮು ಬಂದರೂ ಬೆವರುತ್ತಿದ್ದವನು, ಏನೂ ಆಗದಿರುವುದನ್ನು ಕಂಡು ಇನ್ನೂ ಹೆದರಿದ. ನಿಜ ಹೇಳಿದವರು ಹಾಳಾದರು, ಸುಳ್ಳು ಹೇಳಿದ ನಾನು ಚೆನ್ನಾಗಿದ್ದೇನೆ, ಹಾಗಾದರೆ ಈ ಕರ್ಪೂರಕ್ಕೆ ಏನೂ ಗೊತ್ತಿಲ್ಲ ಎಂಬುದು ಊರಿನಲ್ಲಿ ಅವನೊಬ್ಬನಿಗೇ ತಿಳಿದಿತ್ತು. ಆ ತಿಳಿವು ಅವನಿಗೆ ಅನ್ನ ಸೇರಗೊಡಲಿಲ್ಲ. ಒಂದು ದಿನ ಪಂಚರು ಸೇರಿದ್ದಾಗ ಕಟ್ಟೆಯ ಕೆಳಗೆ ನಿಂತು, ತೂಬು ಕಿತ್ತವನು ನಾನೇ ಎಂದ. ಆಗಲೂ ಒಬ್ಬ ಹಿರಿಯ, ರೂಢಿಯಂತೆ, "ಆಣೆ ಇಡ್ತೀಯೇನಪ್ಪ?" ಎಂದು ಕೇಳಿದನಂತೆ.

"ಆಣೆ ಇಟ್ಟು ಸುಳ್ಳು ಯೋಳಿದ್ದೆ" ಎಂದ ಕರಿಯಣ್ಣ. "ಈಗ ಬರೀ ಮಾತು ಯೋಳ್ತಾ ಇದೀನಿ. ಇದು ನಿಜ."

ಬೊಮ್ಮಣ್ಣ ಮತ್ತು ಪಂಚರು ಸಂಪಯ್ಯನವರನ್ನು ಹುಡುಕಿಕೊಂಡು ಹೊರಟರು. ಸೀಮೆಯಾಚೆಯ ಬಿಳಿಕಲ್ಲಹಟ್ಟಿಯಲ್ಲಿ, ಕುರಿ ಕಾಯುವವರ ಮಕ್ಕಳನ್ನು ಹುಣಸೆ ಮರದ ಕೆಳಗೆ ಸೇರಿಸಿಕೊಂಡು ಅವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅಲ್ಲಿ ಅವರು ಆಣೆ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ, ಆದ್ದರಿಂದ ಕಲಿಸಲು ಸಾಧ್ಯವಾಯಿತೆಂದು ಕಾಣುತ್ತದೆ. ದುಗ್ಗಪ್ಪ ಕುರಿಹಟ್ಟಿಯ ಬಾವಿ ತೋಡುತ್ತಿದ್ದ. ನಮ್ಮವರನ್ನು ಕಂಡು ಮೇಲೆ ಹತ್ತಿ ಬಂದು ನೀರು ತಂದುಕೊಟ್ಟ. ಪಂಚರು ಐಗಳ ಮುಂದೆ ಅಡ್ಡಬಿದ್ದರು. ಕರಿಯಣ್ಣ ಒಪ್ಪಿಕೊಂಡದ್ದನ್ನು ಹೇಳಿದರು, ಮಠವನ್ನು ಕಲ್ಲಿನಲ್ಲಿ ಕಟ್ಟಿಸುತ್ತೇವೆಂದರು, ದುಗ್ಗಪ್ಪನಿಗೆ ಹೊಲ ಬಿಟ್ಟುಕೊಡುತ್ತೇವೆಂದರು. ಐಗಳ ಮುಖ ಸಡಿಲವಾಯಿತು, ಏಳುವವರಂತೆ ನೆಲಕ್ಕೆ ಕೈ ಊರಿದರು. ಬೊಮ್ಮಣ್ಣ ಕಣ್ಣೀರು ಸುರಿಸುತ್ತ ಅವರ ಪಾದ ಹಿಡಿದುಕೊಂಡ.

"ದೇವರಾಣೆ ಅಯ್ನೋರೆ, ಇನ್ನು ಯಾವತ್ತೂ ನಿಮ್ ಮಾತು ಮೀರಲ್ಲ" ಎಂದ.

ಊರಿದ ಕೈ ಅಲ್ಲಿಯೇ ನಿಂತಿತು. ಐಗಳಿಗೆ ಸಿಟ್ಟು ಬರಲಿಲ್ಲ. ಮರಳಿನ ಮುಂದೆ ಕೂತ ಮಗುವಿಗೆ ಹೇಳುವ ದನಿಯಲ್ಲಿಯೇ, "ಆಣೆ ತೆಗೆದು ಇನ್ನೊಂದು ಸಲ ಹೇಳು, ಬೊಮ್ಮಣ್ಣ" ಎಂದರು. ಬೊಮ್ಮಣ್ಣ ಬಾಯಿ ತೆರೆದ. ಆಣೆಯಿಲ್ಲದೆ ಆ ಮಾತು ಹೇಳಿದರೆ ಅದನ್ನು ಸಾಯುವವರೆಗೆ ನಡೆಸಬೇಕಾಗುತ್ತದೆಂಬುದು ಆಗ ಅವನಿಗೆ ಗೊತ್ತಾಯಿತೋ, ನಡೆಸುವ ಧೈರ್ಯ ತನಗಿಲ್ಲವೆಂಬುದು ಗೊತ್ತಾಯಿತೋ, ಅವನು ಆ ಮಾತು ಹೇಳಲಿಲ್ಲ. ಪಂಚರಲ್ಲಿ ಬೇರೆ ಯಾರೂ ಅವನ ಬದಲಿಗೆ ಹೇಳಲಿಲ್ಲ. ಸಂಪಯ್ಯನವರು ಸ್ವಲ್ಪ ಕಾದು, ಮೆಲ್ಲಗೆ ಅವನ ಕೈಯನ್ನು ಪಾದದಿಂದ ಬಿಡಿಸಿ, ಕುರಿಹಟ್ಟಿಯ ಮಗುವಿನ ಬೆರಳು ಹಿಡಿದು ಬಿಟ್ಟಲ್ಲಿಂದ ಅಕ್ಷರ ತಿದ್ದಿಸತೊಡಗಿದರು. ನಮ್ಮವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರು.

ಐಗಳು ಅಲ್ಲಿಯೇ ಶಿವೈಕ್ಯರಾದರು, ಅವರ ಗದ್ದುಗೆ ಇರುವುದೂ ಬಿಳಿಕಲ್ಲಹಟ್ಟಿಯಲ್ಲಿಯೇ. ಆ ಹಟ್ಟಿಯ ಜನಕ್ಕೆ ಅದು ಹೆಮ್ಮೆಯ ಸ್ಥಳ. ನಮ್ಮೂರಿನವರು ಆ ಕಡೆ ಹೋದರೆ ಗದ್ದುಗೆಗೆ ದೂರದಿಂದಲೇ ಕೈಮುಗಿದು ಬರುತ್ತೇವೆ, ಯಾವ ಊರೆಂದು ಅವರು ಕೇಳಿದರೆ ಪಕ್ಕದ ಊರಿನ ಹೆಸರು ಹೇಳುವವರೂ ನಮ್ಮಲ್ಲಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ಈ ಕಟ್ಟೆ. ಬೊಮ್ಮಣ್ಣ ಹಿಂದಿರುಗಿದ ಮೇಲೆ ತಾನೇ ಗಾರೆ ಕಲಸಿ ಕರ್ಪೂರದ ಗುಳಿಯನ್ನು ಮುಚ್ಚಿದನಂತೆ. ನಡುವಿನ ಚಪ್ಪಡಿಯಲ್ಲಿ ಅಂಗೈಯಗಲದ ಬಿಳಿಯ ಕಲೆಯಾಗಿ ಅದು ಈಗಲೂ ಕಾಣುತ್ತದೆ. ಆ ದಿನದಿಂದ ಈ ಕಟ್ಟೆಯ ಮೇಲೆ ಯಾರೂ ಆಣೆ ಇಟ್ಟಿಲ್ಲ. ಹೆಣ್ಣು ಕೊಡುವ ಮಾತು, ಹೊಲದ ಬದುವಿನ ಮಾತು, ಅಣ್ಣತಮ್ಮಂದಿರು ಬೇರೆಯಾಗುವ ಮಾತು, ಎಲ್ಲ ಬರಿಮಾತಿನಲ್ಲೇ ನಡೆಯುತ್ತವೆ, ಹೇಳಿದವನನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ನೋಡಲು ಬಂದವರನ್ನು ಆ ಬಿಳಿಯ ಕಲೆಯ ಪಕ್ಕದಲ್ಲಿ ಕೂರಿಸಿ ನಾನು ಈ ಕತೆಯನ್ನು ಹೇಳುತ್ತೇನೆ. ಅವರು ಗಮನವಿಟ್ಟು ಕೇಳುತ್ತಾರೆ, ಕೆಲವರ ಕಣ್ಣು ಒದ್ದೆಯಾಗುವುದೂ ಉಂಟು. ಎಲ್ಲ ಮುಗಿದು ಏಳುವಾಗ ಅವರಲ್ಲೊಬ್ಬರು ತಪ್ಪದೆ ಕೇಳುತ್ತಾರೆ: ಇದೆಲ್ಲ ನಿಜವಾಗಿ ನಡೆದದ್ದಾ ಯಜಮಾನ್ರೇ? ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ತಲೆ ತಗ್ಗಿಸುತ್ತೇನೆ. ನಮ್ಮವರು ಅಂದು ಐಗಳನ್ನು ಕೇಳಿದ್ದೂ ಇಷ್ಟೇ.